ಬೀಗ ಹಾಕಿದ ಕೋಣೆಯಲ್ಲಿ ಬದಲಾದ ನೀರಿನ ಪಾಳಿ

ಆಕೆ ಮೊದಲ ಸಲ ಬಂದು ಹೇಳಿದಾಗ ನಾನು ನಕ್ಕುಬಿಟ್ಟೆ.

"ಸರ, ನಮ್ಮ ದಫ್ತರದಾಗಿನ ಕಂಪ್ಯೂಟರ್ ತಾನ ಬಾಯಿ ತೆರೀತದ್ರಿ. ಸಿಡಿ ಇಡೋ ತಟ್ಟಿ ಹೊರಗ ಬರ್ತದ, ಮತ್ತ ಒಳಗ ಹೋಗ್ತದ. ಯಾರೂ ಮುಟ್ಟಿರಂಗಿಲ್ಲ."

"ಕರೆಂಟ್ ಹೆಚ್ಚುಕಮ್ಮಿ ಆಗಿರ್ತದವಾ. ಸ್ಟೆಬಿಲೈಜರ್ ನೋಡು," ಎಂದು ಕಳಿಸಿದೆ.

ಹದಿನೈದು ದಿನ ಬಿಟ್ಟು ಮತ್ತೆ ಬಂದಳು. ಈ ಸಲ ಮೌಸ್‌ನ ಎಡಗುಂಡಿ ಒತ್ತಿದರೆ ಬಲಗುಂಡಿಯ ಕೆಲಸ ಆಗುತ್ತಿತ್ತಂತೆ. ಅರ್ಧ ತಾಸಿನ ನಂತರ ತಾನೇ ಸರಿಹೋಯಿತಂತೆ. ಮೌಸ್ ಹಳೆಯದಾಗಿದೆ, ಬೇರೆ ಹಾಕಿಸು ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ಹೌದ್ರಿ ಸರ" ಎಂದು ಮೆಟ್ಟಿಲಿಳಿದು ಹೋದಳು. ನಂಬಲಿಲ್ಲ ಎಂದು ನನಗೆ ಗೊತ್ತಾಯಿತು. ಆದರೂ ಎದ್ದು ಹೋಗಿ ಆ ಯಂತ್ರವನ್ನು ನೋಡಲಿಲ್ಲ.

ಆಗ ನಾನು ಶಹಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೆ. ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಊರಲ್ಲಿ ಟ್ರ್ಯಾಕ್ಟರುಗಳು, ಗೊಬ್ಬರದ ಅಂಗಡಿಗಳು, ಅವುಗಳ ಹಿಂದೆಯೇ ಕಂಪ್ಯೂಟರುಗಳು ಬಂದಿದ್ದವು. ಎಲ್ಲರೂ ನನ್ನನ್ನು ಕಂಪ್ಯೂಟರ್ ಮಾಸ್ತರ ಎನ್ನುತ್ತಿದ್ದರು. ಆಕೆ ನನ್ನ ಮೊದಲ ತಂಡದಲ್ಲಿ ಕಲಿತವಳು. ಬಳಿಚಕ್ರದವಳು, ತಾಯಿ ಹೊಲದ ಕೂಲಿ, ಅಣ್ಣ ರಾಮಸಮುದ್ರದಲ್ಲಿ ಶಾಲಾ ಮಾಸ್ತರ. ಕಾಲುವೆ ಕಚೇರಿಯೊಂದರಲ್ಲಿ ಗುತ್ತಿಗೆ ಮೇಲೆ ಆಪರೇಟರ್ ಆಗಿದ್ದಳು. ಬಳಿಚಕ್ರದಿಂದ ಯಾದಗಿರಿಗೆ ಒಂದು ಬಸ್ಸು, ಅಲ್ಲಿಂದ ಭೀಮಾ ಸೇತುವೆ ದಾಟಿ ಬರಲು ಇನ್ನೊಂದು. ಮಾನಿಟರ್ ಮೇಲೆ ಮಣ್ಣಿನ ಪುಟ್ಟ ಬುದ್ಧನನ್ನು ಇಟ್ಟುಕೊಂಡಿದ್ದಳು. ಯಾವ ಊರಿನ ತೂಬಿಗೆ ಎಷ್ಟು ದಿನ ನೀರು ಎಂಬ ಪಾಳಿಪಟ್ಟಿ ಟೈಪ್ ಮಾಡುವುದು ಅವಳ ಮುಖ್ಯ ಕೆಲಸ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆ ಕಚೇರಿಯಿಂದ ಜೀಪು ಬಂತು. ಸಾಹೇಬರು ಕರೆದಿದ್ದಾರೆ, ಇದ್ದ ಹಾಗೇ ಈಗಲೇ ಬರಬೇಕಂತೆ ಎಂದ ಡ್ರೈವರ್. ಫ್ಲಾಪಿಗಳ ಡಬ್ಬಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಹತ್ತಿದೆ.

ಕಚೇರಿಯ ಅಂಗಳದಲ್ಲಿ ಮೂರು ಟ್ರ್ಯಾಕ್ಟರ್ ನಿಂತಿದ್ದವು. ಕಾಲುವೆಯ ಕೊನೆಯ ಊರುಗಳ ರೈತರು ವರಾಂಡ ತುಂಬಿ ಕುಳಿತಿದ್ದರು. ಅವರಿಗೆ ನಾಲ್ಕು ದಿನದ ಪಾಳಿ ಬರಬೇಕಿತ್ತು. ಸಾಹೇಬರ ಸಹಿಯಿದ್ದ ಪಟ್ಟಿಯಲ್ಲಿ ಒಂದೇ ದಿನ ಎಂದಿತ್ತು. ಗೇಟ್ ನೋಡುವವನು ಪಟ್ಟಿ ಹಿಡಿದು ಒಂದೇ ದಿನಕ್ಕೆ ಅವರ ಗೇಟ್ ಇಳಿಸಿಬಿಟ್ಟಿದ್ದ. ಉಳಿದ ಮೂರು ದಿನದ ನೀರು ಮೇಲಿನ ತೂಬುಗಳಲ್ಲೇ ಭತ್ತದ ಗದ್ದೆಗಳಿಗೆ ಹರಿದಿತ್ತು. ಕೆಳಗಿನವರ ಶೇಂಗಾ ಕಾಯಿ ಕಟ್ಟುವ ಹೊತ್ತು ಅದು.

ಆಪರೇಟರ್ ಸಾಹೇಬರ ಕೋಣೆಯ ಗೋಡೆಗೆ ಒರಗಿ ನಿಂತಿದ್ದಳು. ಮೇಜಿನ ಮೇಲೆ ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಕೈಬರಹದಲ್ಲಿ ತಯಾರಾಗಿತ್ತು. ಸಹಿಯೊಂದು ಬಾಕಿ.

"ನಾನು ನಾಕ ಅಂತನ ಟೈಪ್ ಮಾಡೀನ್ರಿ. ಊಟಕ್ಕ ಹೋಗೂ ಮುಂದ ಎರಡು ಸಲ ನೋಡೀನಿ," ಎಂದಳು. ದನಿ ನಡುಗುತ್ತಿರಲಿಲ್ಲ, ಬಹಳ ಮೆಲ್ಲಗಿತ್ತು.

ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ರೈತನೊಬ್ಬ ಒಳಗೆ ತಲೆ ಹಾಕಿ, "ಒಣ ಬ್ಯಾಸಾಯದ ಊರಾಕಿ ಈಕಿ. ನೀರಿನ ಕಿಮ್ಮತ್ತು ಈಕಿಗೇನ್ ಮಾಲೂಮ?" ಎಂದ.

ಅವಳು ಅವನ ಕಡೆ ತಿರುಗಿದಳು. "ನೀರಿಲ್ದ ಊರಾಗ ಬೆಳೆದಾಕಿಗಿ ಗೊತ್ತಿಲ್ದ ಮತ್ತ ಯಾರಿಗಿ ಗೊತ್ತಿರ್ತದ್ರಿ, ಕಾಕಾ?"

ಸಾಹೇಬರು ಎಲ್ಲರನ್ನೂ ಹೊರಗೆ ಕಳಿಸಿ, ನಾಲ್ಕು ಗಂಟೆಗೆ ಉತ್ತರ ಕೊಡುತ್ತೇನೆ ಎಂದು ರೈತರಿಗೆ ಮಾತು ಕೊಟ್ಟು ಬಾಗಿಲು ಮುಚ್ಚಿದರು.

"ಮಾಸ್ತರ, ಮಷೀನ್‌ದಾಗ ವೈರಸ್ ಅದ ಅಂತ ಈಕಿ ಹೇಳ್ತಾಳ. ನೋಡ್ರಿ. ಇತ್ತಂದ್ರ ಫಾರ್ಮ್ಯಾಟ್ ಹೊಡದುಬಿಡ್ರಿ. ಇಲ್ಲಂದ್ರ ಇಲ್ಲ ಅಂತ ಬರದು ಕೊಡ್ರಿ."

ಅವಳ ಕೋಣೆಗೆ ಹೋಗಿ ಮೊದಲು ಪಾಳಿಪಟ್ಟಿಯ ಫೈಲು ನೋಡಿದೆ. ಕೊನೆಯ ಸಲ ಬದಲಾದದ್ದು ಪಟ್ಟಿಗೆ ಸಹಿಯಾದ ದಿನ ಮಧ್ಯಾಹ್ನ ಒಂದು ನಲವತ್ತೆಂಟಕ್ಕೆ. ಆಗ ಆಕೆ ಹೊರಗೆ ಬೇವಿನ ಮರದ ಕೆಳಗೆ ಕಚೇರಿ ಗುಡಿಸುವ ಹೆಂಗಸಿನ ಜೊತೆ ಡಬ್ಬಿ ಬಿಚ್ಚಿ ಕುಳಿತಿದ್ದಳು. ಅದನ್ನು ಎಲ್ಲರೂ ನೋಡಿದ್ದಾರೆ. ಕೋಣೆಗೆ ಬೀಗ ಹಾಕಿತ್ತು. ಕೀಲಿ ಇದ್ದದ್ದು ಅವಳ ಚೀಲದಲ್ಲಿ ಮಾತ್ರ. ಎರಡೂಕಾಲಿಗೆ ವಾಪಸು ಬಂದು ಮತ್ತೆ ನೋಡದೆ ಪ್ರಿಂಟ್ ತೆಗೆದಳು. ಸಾಹೇಬರು ಓದದೆ ಸಹಿ ಮಾಡಿದರು. ಬೀಗ ಹಾಕಿದ ಕೋಣೆಗೆ ಇನ್ಯಾರು ಹೋಗಲು ಸಾಧ್ಯ ಎಂಬುದೇ ಸಾಹೇಬರ ಪ್ರಶ್ನೆ. ಯಂತ್ರದ ಗಡಿಯಾರ ತಪ್ಪಿರಬೇಕು, ಕೀಲಿ ಇದ್ದವಳೇ ಮಾಡಿದ್ದಾಳೆ ಎಂಬುದು ಅವರ ಲೆಕ್ಕ.

ವೈರಸ್ ಹುಡುಕುವ ಫ್ಲಾಪಿ ಹಾಕಿದೆ. ಇಪ್ಪತ್ತು ನಿಮಿಷ ಓಡಿ, ಏನೂ ಇಲ್ಲ ಎಂದಿತು. ಆ ಫ್ಲಾಪಿಯ ಮಾಹಿತಿ ಆರು ತಿಂಗಳು ಹಳೆಯದು. ಅದರ ಮಾತನ್ನು ನಂಬುವಂತಿರಲಿಲ್ಲ. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೆಗೆದೆ. ಅಲ್ಲೂ ಅನುಮಾನ ಬರುವಂಥದ್ದಿಲ್ಲ. ಸಾಹೇಬರು ಬಾಗಿಲಿಗೆ ಬಂದು ಗಡಿಯಾರ ನೋಡಿಕೊಂಡು ಹೋದರು.

ಕಂಪ್ಯೂಟರ್ ಶುರುವಾದಾಗ ತಾನಾಗಿ ಏಳುವ ಪ್ರೋಗ್ರಾಂಗಳ ಹೆಸರು ರಿಜಿಸ್ಟ್ರಿ ಎಂಬಲ್ಲಿ ಬರೆದಿರುತ್ತದೆ. ಅದನ್ನು ತೆರೆದೆ. ಪ್ರಿಂಟರಿನದು, ಕನ್ನಡ ಅಕ್ಷರದ ತಂತ್ರಾಂಶದ್ದು, ಗಡಿಯಾರದ್ದು, ಕೊನೆಗೆ ಇನ್ನೊಂದು. ಹೆಸರು ತೀರಾ ಸಾಧಾರಣ. ಆದರೆ ಅದರ ಮುಂದೆ, ಏಳುವಾಗ ಯಾವ ಸಂದೇಶವನ್ನೂ ತೋರಿಸಬೇಡ ಎಂಬ ಒಂದು ಸೂಚನೆ ಸೇರಿಸಲಾಗಿತ್ತು. ಯಾರಿಗೂ ಗೊತ್ತಾಗದಂತೆ ಏಳಬೇಕಾದ ಅಗತ್ಯ ಯಾವ ಒಳ್ಳೆಯ ಪ್ರೋಗ್ರಾಂಗೆ ಇರುತ್ತದೆ?

ಆಗ ನೆನಪಾದದ್ದು ಯಾದಗಿರಿ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಕೊಂಡಿದ್ದ ಪತ್ರಿಕೆಯ ಒಂದು ಪುಟ. ದೂರದಿಂದ ಇನ್ನೊಬ್ಬರ ಕಂಪ್ಯೂಟರನ್ನು ಆಳುವ ಪ್ರೋಗ್ರಾಂಗಳು ಹೊರದೇಶಗಳಲ್ಲಿ ಹುಟ್ಟಿ ಆಗಿನ್ನೂ ಒಂದೆರಡು ವರ್ಷ. ಬರೆದವರಲ್ಲಿ ಕೆಲವರು ಚೇಷ್ಟೆಗೆಂದು ಬರೆದಿದ್ದರು, ಕೆಲವರು ದೂರ ಕುಳಿತು ಯಂತ್ರ ನೋಡಿಕೊಳ್ಳುವ ಸಾಧನವೆಂದೇ ಹಂಚಿದ್ದರು. ಅದರಲ್ಲಿ ಎರಡು ತುಂಡು. ಒಂದು ತುಂಡು ಯಾವುದಾದರೂ ಆಟದ ಒಳಗೆ ಅಡಗಿ ಬಂದು ನಮ್ಮ ಯಂತ್ರದಲ್ಲಿ ಕೂರುತ್ತದೆ, ಒಂದು ಬಾಗಿಲನ್ನು ಸದಾ ತೆರೆದಿಟ್ಟುಕೊಂಡು ಕಾಯುತ್ತದೆ. ಇನ್ನೊಂದು ತುಂಡು ಆಳುವವನ ಬಳಿ. ಅವನು ಅಲ್ಲಿಂದಲೇ ನಮ್ಮ ಪರದೆ ನೋಡಬಹುದು, ಫೈಲು ಎಳೆದುಕೊಂಡು ತಿದ್ದಿ ವಾಪಸು ಇಡಬಹುದು. ಬೇಕೆಂದರೆ ಮೌಸ್ ಗುಂಡಿ ಅದಲುಬದಲು ಮಾಡಬಹುದು, ಸಿಡಿ ತಟ್ಟೆ ಹೊರಗೆ ತಳ್ಳಬಹುದು.

ಸಿಡಿ ತಟ್ಟೆ. ಹಿಂದೆ ನಿಂತಿದ್ದ ಅವಳ ಕಡೆ ತಿರುಗಿ ನೋಡಲು ಆಗಲಿಲ್ಲ.

ಕಪ್ಪು ಪರದೆ ತೆರೆದು, ಯಂತ್ರದ ಯಾವ ಯಾವ ಬಾಗಿಲು ತೆರೆದಿದೆ ಎಂದು ಕೇಳುವ ಆದೇಶ ಕೊಟ್ಟೆ. ಸಾಲುಗಳ ನಡುವೆ ಒಂದು ಸಂಖ್ಯೆ ಕಂಡಿತು: ಒಂದು, ಎರಡು, ಮೂರು, ನಾಲ್ಕು, ಐದು. ಪತ್ರಿಕೆಯಲ್ಲಿ ಬರೆದಿದ್ದ ಸಂಖ್ಯೆಯೇ. ಯಾರೋ ಬರುತ್ತಾರೆಂದು ಬಾಗಿಲು ತೆರೆದುಕೊಂಡು ಕಾಯುತ್ತಿತ್ತು.

"ಸಿಕ್ಕದವಾ," ಎಂದೆ.

ಇದು ಯಂತ್ರದೊಳಗೆ ಯಾವಾಗ ಬಂತು ಎಂದು ನೋಡಬೇಕಿತ್ತು. ಆ ಫೈಲಿನ ತಾರೀಖು ತೆಗೆದು, ಅದೇ ದಿನ ಅದೇ ಹೊತ್ತಿಗೆ ಬಂದ ಬೇರೆ ಫೈಲು ಯಾವುದೆಂದು ಹುಡುಕಿದೆ. ಒಂದೇ ಒಂದು ಇತ್ತು. ಬಿಲದಿಂದ ತಲೆ ಎತ್ತುವ ಇಲಿಯನ್ನು ಸುತ್ತಿಗೆಯಿಂದ ಹೊಡೆಯುವ ಆಟ.

ಆ ಆಟ ಎಲ್ಲಿಯದೆಂದು ನಾನು ಅವಳನ್ನು ಕೇಳಬೇಕಾಗಿರಲಿಲ್ಲ. ಮೌಸ್ ಹಿಡಿಯಲು ಬಾರದವರಿಗೆ ಕೈ ಪಳಗಲೆಂದು ನಾನೇ ಅದನ್ನು ಆಡಿಸುತ್ತಿದ್ದೆ. ಹೈದರಾಬಾದಿನ ಫುಟ್‌ಪಾತಿನಲ್ಲಿ ಕೊಂಡಿದ್ದ, ನೂರಾರು ಆಟಗಳಿದ್ದ ಸಿಡಿಯಿಂದ ಫ್ಲಾಪಿಗೆ ಇಳಿಸಿ, ಕೋರ್ಸ್ ಮುಗಿದವರಿಗೆಲ್ಲ ಒಂದೊಂದು ಕೊಟ್ಟಿದ್ದೆ. ಅವಳ ಡ್ರಾಯರಿನಲ್ಲೂ ಒಂದು ಇತ್ತು, ನನ್ನ ಕೇಂದ್ರದ ಮೊಹರು ಸಮೇತ.

ಹೊರಗಿನಿಂದ ಸಾಹೇಬರ ದನಿ ಕೇಳಿಸಿತು. "ಏನಾತ್ರಿ ಮಾಸ್ತರ? ವೈರಸ್ ಅದಲ್ಲ? ಹೊಡೀರಿ ಫಾರ್ಮ್ಯಾಟ್. ಮುಗಿಸ್ರಿ."

ಸತ್ಯ ಹೇಳಿಬಿಡುತ್ತೇನೆ: ಆ ಕ್ಷಣ ಆ ಮಾತು ನನಗೆ ಬಹಳ ಹಿತವಾಗಿ ಕೇಳಿಸಿತು. ಫಾರ್ಮ್ಯಾಟ್ ಮಾಡಿದರೆ ಇಲಿಯಾಟವೂ ಹೋಗುತ್ತದೆ, ತಾರೀಖೂ ಹೋಗುತ್ತದೆ. ಸಿಸ್ಟಂ ಫ್ಲಾಪಿ ಆಗಲೇ ನನ್ನ ಕೈಯಲ್ಲಿತ್ತು. ಅದನ್ನು ಡ್ರೈವಿನ ಬಾಯಿಗೆ ಇಟ್ಟದ್ದೂ ನಿಜ.

"ಸರ," ಎಂದಳು ಅವಳು. "ಅದು ಅಳಿಸಿಹೋದ್ರ, ತಪ್ಪ ಟೈಪ್ ಮಾಡಿದಾಕಿ ನಾನಲ್ಲ ಅಂತ ಹೇಳಾಕ ಮತ್ತ ಏನರ ಉಳೀತದೇನ್ರಿ?"

"ಏನೂ ಉಳ್ಯಾಂಗಿಲ್ಲ," ಎಂದೆ. ಫ್ಲಾಪಿಯನ್ನು ವಾಪಸು ಡಬ್ಬಿಗೆ ಹಾಕಿದೆ.

ಸಾಹೇಬರನ್ನು ಒಳಗೆ ಕರೆದು ಬಾಗಿಲು ಹಾಕಿ ಕಪ್ಪು ಪರದೆಯನ್ನು ತೋರಿಸಿದೆ. ಮೊದಲು ಅವರಿಗೆ ಸಿಟ್ಟು ಬಂತು. ನಂತರ ಕುರ್ಚಿ ಎಳೆದುಕೊಂಡು ಕೂತು, "ಅಂದ್ರ ಯಾವನೋ ಬ್ಯಾರೆ ಕಡೆ ಕೂತು ಇದರಾಗ ಕೈ ಹಾಕ್ಯಾನ. ಯಾವ ಕಡೆ?" ಎಂದರು. ಆ ಯಂತ್ರಕ್ಕೆ ಇಂಟರ್ನೆಟ್ ಇರಲಿಲ್ಲ. ಗೋಡೆಯ ಮೇಲೆ ಹಬ್ ಎಂಬ ಸಣ್ಣ ಪೆಟ್ಟಿಗೆ ಇತ್ತು. ಅದರಿಂದ ಎರಡೇ ವೈರು. ಒಂದು ಈ ಯಂತ್ರಕ್ಕೆ. ಇನ್ನೊಂದು ವರಾಂಡದಾಚೆಯ ನಕಾಶೆ ಕೋಣೆಗೆ, ಅಲ್ಲಿ ಕೂತು ಕಾಲುವೆಯ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಇಲ್ಲಿನ ಪ್ರಿಂಟರ್ ಬಳಸಲೆಂದು ಎಳೆದದ್ದು. ಪ್ರಿಂಟರ್ ಮಾತ್ರ ಬಿಟ್ಟು, ಫೈಲು ಹಂಚಿಕೊಳ್ಳುವ ವ್ಯವಸ್ಥೆಯನ್ನು ಬಂದ್ ಮಾಡಿ ಇಡಲಾಗಿತ್ತು. ಮೂವರೂ ಆ ಎರಡನೆಯ ವೈರನ್ನು ನೋಡಿದೆವು.

"ಕೈಯಾರ ಹಿಡೀಬೇಕ್ರಿ," ಎಂದೆ. "ಸುಮ್ಮ ಕೇಳಿದ್ರ ಇಲ್ಲ ಅಂತಾನ, ಅಲ್ಲೀದೂ ಅಳಿಸಿಬಿಡ್ತಾನ."

ಉಪಾಯ ಹೇಳಿದೆ. ಆಪರೇಟರ್ ಸರಿಯಾದ ಪಟ್ಟಿಯನ್ನು ಮತ್ತೆ ಟೈಪ್ ಮಾಡಿದಳು. ಸಾಹೇಬರು ವರಾಂಡದಲ್ಲಿ ನಿಂತು, ಕೆಳಗಿನ ಊರುಗಳಿಗೆ ಬಾಕಿ ಮೂರು ದಿನದ ನೀರು ಕೊಡುವ ಪಟ್ಟಿ ರೆಡಿಯಾಗಿದೆ, ಮೂರು ಗಂಟೆಗೆ ಪ್ರಿಂಟ್ ತೆಗೆದು ಸಹಿ ಮಾಡುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಮಾಸ್ತರ ನೋಡಿ ಹೋದರು, ವೈರಸ್ ಇಲ್ಲವಂತೆ ಎಂದೂ ಸೇರಿಸಿದರು. ಜೀಪು ನನ್ನನ್ನು ಗೇಟಿನಾಚೆ ಬಿಟ್ಟಿತು. ಹಿಂದಿನ ದಾರಿಯಿಂದ ನಡೆದು ಬಂದೆ.

ಒಂದು ಗಂಟೆಗೆ ಆಕೆ ಎಂದಿನಂತೆ ಮಾನಿಟರ್ ಆರಿಸಿ, ಕಂಪ್ಯೂಟರ್ ಚಾಲೂ ಇಟ್ಟು, ಸಾಹೇಬರನ್ನೂ ನನ್ನನ್ನೂ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿದಳು. ಕಿಟಕಿಯ ಸಂದಿಯಿಂದ ಕೈ ಕಂಡರೆ ಬಂದು ಬೀಗ ತೆಗೆಯಬೇಕೆಂದು ಮಾತಾಗಿತ್ತು. ಬೇವಿನ ಕೆಳಗೆ ಕೂತು ಡಬ್ಬಿ ಬಿಚ್ಚಿದಳು. ನಕಾಶೆ ಕೋಣೆಯ ಕಿಟಕಿಗೆ ಆ ಜಾಗ ನೇರವಾಗಿ ಕಾಣುತ್ತದೆ.

ತೆರೆದ ಬಾಗಿಲುಗಳ ಪಟ್ಟಿಯನ್ನು ಐದೈದು ಸೆಕೆಂಡಿಗೊಮ್ಮೆ ಫ್ಲಾಪಿಗೆ ಬರೆಯುವಂತೆ ಆದೇಶ ಕೊಟ್ಟು, ಆ ಕಪ್ಪು ಚೌಕವನ್ನು ಪರದೆಯ ಕೆಳಗಿನ ಪಟ್ಟಿಗೆ ಇಳಿಸಿದ್ದೆ. ಆಳುವವನು ನಮ್ಮ ಪರದೆಯ ಚಿತ್ರ ತೆಗೆದು ಸರಿಯಾಗಿ ನೋಡಿದರೆ ಅದು ಅವನ ಕಣ್ಣಿಗೆ ಬೀಳುವ ಸಾಧ್ಯತೆ ಇತ್ತು. ಅದಕ್ಕೆ ನನ್ನ ಹತ್ತಿರ ಉಪಾಯವಿರಲಿಲ್ಲ.

ಫ್ಯಾನ್ ಹಾಕುವಂತಿರಲಿಲ್ಲ. ಮಾರ್ಚಿನ ಬಿಸಿಲಿಗೆ ಕಾದ ಸಿಮೆಂಟಿನ ಕೋಣೆ. ಸಾಹೇಬರು ಸ್ಟೂಲಿನ ಮೇಲೆ ಕೂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಅಂಗಳದಲ್ಲಿ ರೈತರ ಮಾತು ಕೇಳಿಸುತ್ತಿತ್ತು. ನಾನು ಹಬ್‌ನ ಹಸಿರು ದೀಪ ನೋಡುತ್ತ ಕುಳಿತೆ. ಒಂದೂಕಾಲು ಆಯಿತು. ಒಂದೂವರೆ ಆಯಿತು. ಸಾಹೇಬರು ನನ್ನ ಕಿವಿಯ ಬಳಿ ಬಾಗಿ, "ಇವತ್ತ ಬರಲಿಲ್ಲಂದ್ರ?" ಎಂದರು. ಬರದಿದ್ದರೆ ನಾಲ್ಕು ಗಂಟೆಗೆ ಆ ಪತ್ರಕ್ಕೆ ಸಹಿ ಬೀಳುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಒಂದು ನಲವತ್ತಾಗಿರಬೇಕು, ನಕಾಶೆ ಕೋಣೆಯ ವೈರಿನ ದೀಪ ಪಟಪಟ ಮಿನುಗತೊಡಗಿತು. ಹಾರ್ಡ್‌ಡಿಸ್ಕ್ ಕರಕರ ಅಂದಿತು. ಯಾರೂ ಮುಟ್ಟದ ಯಂತ್ರ ನಮ್ಮೆದುರಿಗೇ ಕೆಲಸ ಮಾಡುತ್ತಿತ್ತು. ಸಾಹೇಬರು ನನ್ನ ಮೊಳಕೈ ಹಿಡಿದುಕೊಂಡರು. ಈಗಲೇ ಏಳೋಣವೆ ಎಂಬಂತೆ ಬಾಗಿಲ ಕಡೆ ನೋಡಿದರು. ನಾನು ಬೇಡವೆಂದೆ. ಫೈಲು ಈಗ ಹೋಗಿದೆ ಅಷ್ಟೇ, ತಿದ್ದಿಕೊಂಡು ವಾಪಸು ಬರಬೇಕು.

ದೀಪ ನಿಂತಿತು. ಕೆಲವು ನಿಮಿಷ ಏನೂ ಇಲ್ಲ. ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ಮತ್ತೆ ಮಿನುಗಿತು, ಈ ಸಲ ಒಂದೇ ಕ್ಷಣ. ನಾನು ಮಾನಿಟರ್ ಹಚ್ಚಿದೆ. ಪರದೆಯಲ್ಲಿ ಯಾವುದೂ ಕದಲಿರಲಿಲ್ಲ. ಆದರೆ ಪಾಳಿಪಟ್ಟಿಯ ಫೈಲಿನ ಹೊತ್ತು ಬದಲಾಗಿತ್ತು, ಆ ನಿಮಿಷದ್ದು. ಸಾಹೇಬರು ಕಿಟಕಿಗೆ ಕೈ ಚಾಚಿದರು.

ಆಕೆ ಓಡಿ ಬಂದು ಬೀಗ ತೆಗೆದಳು. ನಾವು ಹೊರಬರುವಷ್ಟರಲ್ಲಿ ತಾನೇ ಮುಂದಾಗಿ ನಕಾಶೆ ಕೋಣೆಗೆ ನುಗ್ಗಿದ್ದಳು.

ನಾವು ಬಾಗಿಲಿಗೆ ಬಂದಾಗ ಡ್ರಾಫ್ಟ್ಸ್‌ಮನ್ ಎದ್ದು ಗೋಡೆಯ ಸ್ವಿಚ್ ಕಡೆಗೆ ಕೈ ಚಾಚಿದ್ದ. ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತುಬಿಟ್ಟಿದ್ದಳು.

"ಸರೀರಿ. ಬಾಜೂಕ ಸರೀರಿ," ಅನ್ನುತ್ತಿದ್ದ ಅವನು.

"ಸರ್ಯಾಂಗಿಲ್ಲ."

ಅವನ ಪರದೆ ಇನ್ನೂ ಹೊಳೆಯುತ್ತಿತ್ತು. ಬೂದು ಬಣ್ಣದ ಚೌಕ, ಅದರ ತುಂಬ ಗುಂಡಿಗಳು. ಮೇಲೆ ಅವಳ ಕಂಪ್ಯೂಟರಿನ ವಿಳಾಸ. ಪಕ್ಕದಲ್ಲಿ ಪಾಳಿಪಟ್ಟಿ. ಮೂರು ಇದ್ದಲ್ಲಿ ಸೊನ್ನೆ.

ನಲವತ್ತು ದಾಟಿದ ಮನುಷ್ಯ, ಸಾಯಂಕಾಲದ ತಂಡದಲ್ಲಿ ನನ್ನ ಹತ್ತಿರವೇ ಕಲಿತವನು. ಬಹಳ ಹುಷಾರಿ ಎಂದು ನಾನೇ ಹೊಗಳುತ್ತಿದ್ದೆ. ಕುರ್ಚಿಯಲ್ಲಿ ಕುಸಿದು, "ಮೊದಲ ಬರೇ ಚೇಷ್ಟೆಕ್ಕ ಮಾಡೀನ್ರಿ. ತಟ್ಟಿ ತೆಗಿಯೂದು, ಮೌಸ್ ತಿರುವೂದು. ಈಕಿ ಅಂಜಿದ್ದು ನೋಡಿ ನಗಿ ಬರ್ತಿತ್ತು," ಎಂದ. ಆಮೇಲೆ ಹೆಂಡತಿಯ ತಮ್ಮನ ಭತ್ತ ಒಣಗತೊಡಗಿತಂತೆ. ಮೇಲಿನ ತೂಬಿನ ಗದ್ದೆ. ಪಟ್ಟಿ ಕೈಗೆ ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಈ ಪ್ರೋಗ್ರಾಂ ಎಲ್ಲಿಂದ ತಂದಿ?" ಎಂದು ಸಾಹೇಬರು ಗುಡುಗಿದರು.

ಅವನು ನನ್ನನ್ನು ನೋಡಿದ. "ಮಾಸ್ತರ ಸಿಡಿದಾಗ ಇತ್ರಿ. ಆಟದ ಬಾಜೂಕ ಇನ್ನೊಂದು ಫೋಲ್ಡರ್ ಇತ್ತು. ಕ್ಲಾಸಿನಾಗ ಫ್ಲಾಪಿಗಿ ಇಳಿಸ್ಕೊಂಡು, ಅದರಾಗ ಬರದಿದ್ದು ಓದೀನಿ."

ಎರಡೂ ತುಂಡುಗಳನ್ನು ಕೊಟ್ಟವನು ನಾನೇ ಎಂದಾಯಿತು. ಅವಳ ಕೈಗೆ ಒಂದು, ಅವನ ಕೈಗೆ ಇನ್ನೊಂದು.

ಸಾಹೇಬರು ನಮ್ಮನ್ನು ಕೋಣೆಗೆ ಕರೆದು ಆ ಪತ್ರವನ್ನು ಹರಿದು ಬುಟ್ಟಿಗೆ ಹಾಕಿದರು. "ಮುಗೀತಲ್ಲವಾ. ನಿನ್ನ ನೌಕರಿ ಉಳೀತು. ರೈತರಿಗಿ ಕಂಪ್ಯೂಟರ್ ಕೆಟ್ಟಿತ್ತು ಅಂತ ಹೇಳ್ತೀನಿ. ಇಂವನ ವಿಚಾರ ನಾನು ಮ್ಯಾಲಿನವ್ರಿಗಿ ಬರೀತೀನಿ. ಮಾಸ್ತರ ಹೆಸರೂ ಬರೂದು ಬ್ಯಾಡ."

"ಕಂಪ್ಯೂಟರ್ ಕೆಟ್ಟಿತ್ತು ಅಂದ್ರ, ಕೆಡಿಸಿದಾಕಿ ನಾನಂತನ ತಿಳೀತಾರ್ರಿ," ಎಂದಳು ಆಕೆ. "ಬೆಳಿಗ್ಗೆಯಿಂದ ಅಷ್ಟು ಮಂದಿ ಮುಂದ ಬೈಸ್ಕೊಂಡೀನಿ. ಅಷ್ಟು ಮಂದಿ ಮುಂದನ ಹೇಳ್ರಿ."

ಸಾಹೇಬರು ನನ್ನ ಕಡೆ ನೋಡಿದರು, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ ಎನ್ನುವಂತೆ. ನಾನು ಒಂದು ಹಾಳೆ ಕೇಳಿದೆ. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಯಾವ ಫ್ಲಾಪಿಯಿಂದ ಬಂತು, ಫ್ಲಾಪಿ ಯಾರದ್ದು, ಎಲ್ಲ ಬರೆದೆ. ಆಕೆ ಎರಡು ಸಲ ಬಂದು ಹೇಳಿದರೂ ನಾನು ನೋಡಲಿಲ್ಲ ಎಂಬುದನ್ನೂ ಬರೆದೆ. ಅದನ್ನು ಬರೆಯುವಾಗ ಮಾತ್ರ ಪೆನ್ನು ಸ್ವಲ್ಪ ತಡೆಯಿತು.

ನಾಲ್ಕು ಗಂಟೆಗೆ ಅಂಗಳದಲ್ಲಿ ಓದಿದ್ದೂ ನಾನೇ. ಯಂತ್ರದ ಮಾತು ಎಷ್ಟು ಜನಕ್ಕೆ ತಿಳಿಯಿತೋ ಗೊತ್ತಿಲ್ಲ. ಈ ಹೆಣ್ಣುಮಗಳು ಸರಿಯಾಗಿಯೇ ಟೈಪ್ ಮಾಡಿದ್ದಳು, ತಪ್ಪು ನನ್ನಿಂದ ಬಂದ ಫ್ಲಾಪಿಯಿಂದ ಶುರುವಾಯಿತು ಎಂಬುದು ತಿಳಿಯಿತು. ಕೆಲವರು ನನ್ನ ಮೇಲೆ ರೇಗಿದರು. ಬೆಳಿಗ್ಗೆ ಕೆಣಕಿದ್ದ ವೃದ್ಧ ಅವಳ ಹತ್ತಿರ ಹೋಗಿ, "ತಪ್ಪ ಮಾತಾಡೀನಿ ಯವ್ವಾ," ಎಂದ. ಅವಳು ತಲೆಯಾಡಿಸಿದಳು, ಅಷ್ಟೇ. ಮೇಲಿನ ತೂಬುಗಳ ಗೇಟ್ ಇಳಿಸಿ ಮರುದಿನವೇ ಕೆಳಗೆ ನೀರು ಬಿಟ್ಟರು. ಶೇಂಗಾ ಎಲ್ಲರದ್ದೂ ಉಳಿಯಲಿಲ್ಲ.

ಡ್ರಾಫ್ಟ್ಸ್‌ಮನ್ ಅಮಾನತಾದ. ನನ್ನ ಕೇಂದ್ರಕ್ಕೆ ಸರ್ಕಾರಿ ನೌಕರರ ತಂಡ ಬರುವುದು ನಿಂತಿತು. ಬೇರೆಯವರೂ ಒಬ್ಬೊಬ್ಬರಾಗಿ ಬಿಟ್ಟರು. ಹಾಜರಿ ಪುಸ್ತಕ ತೆಗೆದು, ಫ್ಲಾಪಿ ಕೊಟ್ಟವರ ಹೆಸರೆಲ್ಲ ಗುರುತು ಹಾಕಿಕೊಂಡೆ. ಶಹಾಪುರದಲ್ಲಿ, ಯಾದಗಿರಿಯಲ್ಲಿ, ಕೊಂಕಲ್ಲಿನ ಒಬ್ಬ ಮಾಸ್ತರರ ಮನೆಯಲ್ಲಿ ಹೋಗಿ ಆ ಪ್ರೋಗ್ರಾಂ ಹುಡುಕಿ ತೆಗೆದೆ. ಭಾನುವಾರಗಳಲ್ಲಿ ಅವಳೂ ಬಂದಳು. ನಾನು ಕರೆದಿರಲಿಲ್ಲ. ಕ್ರಮವನ್ನೆಲ್ಲ ನನಗಿಂತ ಬೇಗ ಕಲಿತಳು.

ಕೊನೆಗೆ ಹೋದದ್ದು ಸುರಪುರದ ಒಂದು ಟೈಪಿಂಗ್ ಅಂಗಡಿಗೆ. ಒಡೆಯ ನನಗಿಂತ ಹಿರಿಯ; ಅವನ ಸೊಸೆ ನನ್ನಲ್ಲಿ ಕಲಿತವಳು. ಯಂತ್ರ ತೆರೆದು ನೋಡಿದರೆ ಅದೇ ಸಾಲು, ಅದೇ ಸಂಖ್ಯೆ. ಅರ್ಜಿ, ಪಹಣಿ, ಕೋರ್ಟಿನ ಕಾಗದ ಎಲ್ಲ ಅದರಲ್ಲೇ ಟೈಪಾಗುತ್ತಿತ್ತು. ಏನಾಗಬಹುದಿತ್ತೆಂದು ವಿವರಿಸಿದೆ. ಅವನ ಮುಖ ಕೆಂಪಗಾಯಿತು.

"ಇಂಥಾದ್ದು ನಮ್ಮ ಅಂಗಡಿಗಿ ತಂದು ಹಾಕಿದಂವ ಯಾರ್ರಿ? ಹೆಸರು ಹೇಳ್ರಿ, ಅವನಿಗಿ ಬಿಡಾಂಗಿಲ್ಲ."

ಆಕೆ ಕೀಬೋರ್ಡ್ ಮೇಲಿನ ಕೈ ನಿಲ್ಲಿಸಿದಳು. ಅಷ್ಟು ಊರು ತಿರುಗಿದರೂ ಈ ಪ್ರಶ್ನೆಯನ್ನು ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ.

"ನಾನ ರೀ," ಎಂದೆ. "ನಾನ ತಂದು ಹಂಚೀನಿ. ಗೊತ್ತಿರಲಿಲ್ಲ."

ಅವನು ತಾನು ಕೂತಿದ್ದ ಕುರ್ಚಿಯಿಂದ ಎದ್ದು, ಹೆಗಲ ಮೇಲಿನ ಟವೆಲ್ಲಿನಿಂದ ಅದರ ಧೂಳು ಒರೆಸಿ, ನನ್ನ ಕಡೆ ತಳ್ಳಿದ.

"ಹಂಗಾದ್ರ ಕೂಡ್ರಿ," ಎಂದ. "ತೆಗಿಯೂತನಕ ಏಳಬ್ಯಾಡ್ರಿ."